ಅಪ್ಪ ಹೋದ ಮೇಲೆ ಮನೆಯ ಕೋವಿ ಯಾರದ್ದು?

ಪ್ರಶ್ನೆ: ನಾನು ಸುಳ್ಯ ತಾಲೂಕಿನ ಅಡಿಕೆ ಕೃಷಿಕ. ವಯಸ್ಸು 46. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಲೈಸೆನ್ಸಿನಲ್ಲಿ ಎರಡು ಕೋವಿ ಇದ್ದವು. ಒಂದು ಜೋಡಿ ನಳಿಗೆಯ ತೋಟೆ (ಕಾರ್ಟ್ರಿಜ್) ಕೋವಿ, ಇನ್ನೊಂದು ಅಜ್ಜನ ಕಾಲದ, ಮದ್ದು ತುಂಬಿ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿ. ನನ್ನ ಹೆಸರಿನಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಒಂಟಿ ನಳಿಗೆ ಕೋವಿ ಇದೆ. ಮೂರೂ ಮನೆಯಲ್ಲೇ ಇವೆ. ಹೊಸ ಕಾನೂನಿನಲ್ಲಿ ಮನೆಗೆ ಒಂದೇ ಕೋವಿ ಅಂತ ಒಬ್ಬರು ಹೇಳುತ್ತಾರೆ. ಕೇಪಿನ ಕೋವಿ ಹಳೇ ಸಾಮಾನು, ಅದಕ್ಕೆ ಲೈಸೆನ್ಸ್ ಬೇಡ, ಅಟ್ಟದಲ್ಲಿ ಇಟ್ಟುಬಿಡು ಅಂತ ಇನ್ನೊಬ್ಬರು. ಠಾಣೆಗೆ ಕೊಟ್ಟರೆ ತುಕ್ಕು ಹಿಡಿಯುತ್ತದೆ, ವಾಪಸ್ ಬರುವುದಿಲ್ಲ ಅನ್ನುವ ಹೆದರಿಕೆಯೂ ಇದೆ. ಚುನಾವಣೆ ಬಂದಾಗಲೆಲ್ಲ ಕೋವಿ ಡಿಪಾಸಿಟ್ ಮಾಡಿ ಅನ್ನುತ್ತಾರೆ. ಆ ಹೊತ್ತಿಗೇ ಹಂದಿ, ಮಂಗ, ಆನೆಯ ಕಾಟ. ಸಂಪಾಜೆ ಘಾಟಿ ಹತ್ತಿದರೆ ಕೊಡಗಿನ ನೆಂಟರು ಲೈಸೆನ್ಸ್ ಇಲ್ಲದೆಯೇ ಕೋವಿ ಇಟ್ಟುಕೊಂಡಿದ್ದಾರೆ. ನಮಗೆ ಮಾತ್ರ ಯಾಕೆ ಇಷ್ಟು ಕಷ್ಟ? ಅಜ್ಜನ ಕೋವಿಯನ್ನು ಆಯುಧ ಪೂಜೆಗೆ ಇಡುವುದು ನಮ್ಮ ಮನೆಯ ಪದ್ಧತಿ. ಅದು ಮನೆಬಿಟ್ಟು ಹೋಗಬಾರದು ಅಂತ ಅಮ್ಮನ ಆಸೆ. ದಾರಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ. ಆದರೆ ನನಗೆ ಗಾಬರಿ ಹುಟ್ಟಿಸಿದ್ದು ಒಂದೇ ಮಾತು, 'ಮೂರೂ ಮನೆಯಲ್ಲೇ ಇವೆ' ಅನ್ನುವುದು. ಚುನಾವಣೆ, ಕೊಡಗು ಎಲ್ಲ ಆಮೇಲೆ ನೋಡೋಣ. ಮೊದಲು ಅದನ್ನು ಸರಿಮಾಡಿಕೊಳ್ಳಿ.

ನಮ್ಮ ಕಡೆ ಕೋವಿ ಅಂದರೆ ಮನೆಯ ಸೊತ್ತು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ, ತೋಟದ ಹಾಗೆಯೇ ಬರುತ್ತದೆ ಅಂತ ಅಂದುಕೊಂಡಿದ್ದೇವೆ. ಕಾನೂನು ಹಾಗೆ ನೋಡುವುದಿಲ್ಲ. ಕೋವಿಯ ಮಾಲೀಕತ್ವ ವಾರಸುದಾರರಿಗೆ ಬರುತ್ತದೆ, ನಿಜ. ಅದನ್ನು ಇಟ್ಟುಕೊಳ್ಳುವ ಅನುಮತಿ ಬರುವುದಿಲ್ಲ. ಲೈಸೆನ್ಸ್ ಒಬ್ಬ ಮನುಷ್ಯನಿಗೆ ಕೊಟ್ಟದ್ದು. ಅವರು ಹೋದ ದಿನವೇ ಅದೂ ಮುಗಿಯಿತು. ಅಂದರೆ ಈ ಎಂಟು ತಿಂಗಳು ನಿಮ್ಮ ಮನೆಯಲ್ಲಿ ಎರಡು ಕೋವಿಗಳು ಲೈಸೆನ್ಸ್ ಇಲ್ಲದೆ ಇವೆ. ನೀವೇ ಲೈಸೆನ್ಸ್‌ದಾರ ಆಗಿರಬಹುದು. ಆದರೆ ನಿಮ್ಮ ಪುಸ್ತಕದಲ್ಲಿ ಬರೆದಿರುವುದು ನಿಮ್ಮ ಒಂಟಿ ನಳಿಗೆ ಮಾತ್ರ ಅಲ್ವಾ?

1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಇಂಥ ಸಂದರ್ಭಕ್ಕೇ ಇದೆ. ಯಾವ ಕಾರಣಕ್ಕಾದರೂ ಕೋವಿ ಇಟ್ಟುಕೊಳ್ಳುವುದು ಕಾನೂನುಬದ್ಧ ಅಲ್ಲ ಅಂತಾದರೆ, ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಡಬೇಕು. ಹಾಗೆ ಇಟ್ಟದ್ದನ್ನು ನಿಮ್ಮ ಹೆಸರಿಗೆ ಅನುಮತಿ ಸಿಕ್ಕಿದ ಮೇಲೆ ವಾಪಸ್ ಪಡೆಯುವ ಹಕ್ಕು ಅದೇ ಸೆಕ್ಷನ್ನಿನಲ್ಲಿದೆ. ಬೇಡ ಅನ್ನಿಸಿದರೆ ಲೈಸೆನ್ಸ್ ಇರುವ ಬೇರೆಯವರಿಗೆ ಮಾರಿಸಿ ಹಣ ಪಡೆಯುವ ಹಕ್ಕೂ ಇದೆ. ಆದ್ದರಿಂದ ಠೇವಣಿ ಅಂದರೆ ಸರಕಾರಕ್ಕೆ ಬಿಟ್ಟುಕೊಟ್ಟ ಹಾಗಲ್ಲ. ಆದರೆ ಇಟ್ಟು ಮರೆತುಬಿಟ್ಟರೆ ಅಪಾಯ. ನಿಗದಿತ ಅವಧಿಯೊಳಗೆ ಏನೂ ಮಾಡದಿದ್ದರೆ ಡಿಸಿ ಆದೇಶದ ಮೇಲೆ ಕೋವಿ ಸರಕಾರಕ್ಕೆ ಮುಟ್ಟುಗೋಲಾಗುತ್ತದೆ. 'ಕೊಟ್ಟ ಕೋವಿ ಬರುವುದೇ ಇಲ್ಲ' ಅನ್ನುವ ಊರಿನ ಮಾತಿಗೆ ಹೆಚ್ಚಾಗಿ ಇದೇ ಮೂಲ. ಅರ್ಜಿಯ ಹಿಂದೆ ಬೀಳದೆ ಬಿಟ್ಟ ಕೋವಿಗಳು ಅವು.

ಇಡದೇ ಹೋದರೆ? 2019ರ ತಿದ್ದುಪಡಿಯ ಮೇಲೆ ಶಿಕ್ಷೆ ಜಾಸ್ತಿಯಾಗಿದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೂ, ಠೇವಣಿ ಇಡಬೇಕಾದಾಗ ಇಡದಿದ್ದರೂ ಜೈಲು 2 ವರ್ಷಕ್ಕೆ ಕಮ್ಮಿಯಿಲ್ಲದಂತೆ 5 ವರ್ಷದವರೆಗೆ, ಜೊತೆಗೆ ದಂಡ. ಮೊದಲು ಇದು 1ರಿಂದ 3 ವರ್ಷ ಇತ್ತು. ನನ್ನ ಹತ್ತಿರ ಬಂದ ಒಬ್ಬ ಕಕ್ಷಿದಾರರು ಅಪ್ಪನ ಕೋವಿಯನ್ನು ಗೋಣಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದರು. ಆರು ವರ್ಷ ಯಾರೂ ಕೇಳಲಿಲ್ಲ. ಆಮೇಲೆ ದಾಯಾದಿಗಳ ಜೊತೆ ಗಡಿ ತಕರಾರು ಬಂತು, ಒಂದು ಅರ್ಜಿ ಹೋಯಿತು, ಪೊಲೀಸರು ಅಟ್ಟ ಹತ್ತಿದರು. ಆ ಮನುಷ್ಯ ಒಂದು ಇರುವೆಗೂ ಗುಂಡು ಹೊಡೆದವರಲ್ಲ. ಆದರೂ ಎಷ್ಟೋ ವರ್ಷ ಕೋರ್ಟಿಗೆ ಓಡಾಡಿದರು. ಅವರ ಮುಖ ಈಗಲೂ ಕಣ್ಣೆದುರು ಬರುತ್ತದೆ. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತಡವಾಯಿತಲ್ಲ, ಈಗ ಹೋದರೆ ಕೇಸು ಹಾಕುತ್ತಾರೇನೋ ಅಂತ ನಿಮಗೆ ಅನ್ನಿಸಬಹುದು. ಆ ಅಪಾಯ ಪೂರ್ತಿ ಇಲ್ಲ ಅಂತ ನಾನು ಹೇಳಲಾರೆ. ಆದರೆ ತಾವಾಗಿಯೇ ಕಾಗದ ಹಿಡಿದು ಬಂದ ಮಗನನ್ನು ನೋಡುವ ರೀತಿ ಬೇರೆ, ಅಟ್ಟದಿಂದ ಇಳಿಸಿದ ಕೋವಿಯನ್ನು ನೋಡುವ ರೀತಿ ಬೇರೆ. ಮರಣ ಪ್ರಮಾಣಪತ್ರ, ಅಪ್ಪನ ಲೈಸೆನ್ಸ್ ಪುಸ್ತಕ, 'ಉತ್ತರಕ್ರಿಯೆ, ಮನೆಯ ತಾಪತ್ರಯದಲ್ಲಿ ತಡವಾಯಿತು' ಅಂತ ನಿಜವನ್ನೇ ಬರೆದ ಒಂದು ಅರ್ಜಿ, ಇಷ್ಟು ಸಿದ್ಧಮಾಡಿ. ಕೋವಿ ಹೊತ್ತುಕೊಂಡು ಹೊರಡುವ ಮೊದಲು ಠಾಣೆಗೆ ಫೋನ್ ಮಾಡಿ ಹೇಳಿ. ಅಪ್ಪನ ಹೆಸರಿನಲ್ಲಿ ಉಳಿದ ತೋಟೆ, ಮದ್ದು, ಕೇಪು ಇದ್ದರೆ ಅದನ್ನೂ ಲೆಕ್ಕ ಮಾಡಿ ಒಯ್ಯಿರಿ. ಕೋವಿ ಮಾತ್ರ ಕೊಟ್ಟು ತೋಟೆಯನ್ನು ಕಪಾಟಿನಲ್ಲಿ ಮರೆಯುವವರು ತುಂಬಾ ಜನ. ಅದೂ ಅಪರಾಧವೇ.

ತುಕ್ಕಿನ ಮಾತು ಸುಳ್ಳಲ್ಲ. ನಮ್ಮ ಮಳೆಗಾಲದಲ್ಲಿ ಠಾಣೆಯ ಕೋಣೆಯಲ್ಲಿ ನಾಲ್ಕು ತಿಂಗಳು ನಿಂತ ಕೋವಿಯ ನಳಿಗೆ ಹೇಗಾಗುತ್ತದೆ ಅಂತ ನಾನೂ ನೋಡಿದ್ದೇನೆ. ಒಂದು ಠಾಣೆಯಲ್ಲಿ ಹೆಸರಿನ ಚೀಟಿಗೇ ಗೆದ್ದಲು ಹಿಡಿದಿತ್ತು. ಆದ್ದರಿಂದ ಎಣ್ಣೆ ಹಾಕಿ, ಬಟ್ಟೆ ಸುತ್ತಿ ಕೊಡಿ. ಒಳಗೆ ತೋಟೆ ಇಲ್ಲ ಅಂತ ಎರಡು ಸಲ ನೋಡಿ. ಕೇಪಿನ ಕೋವಿಯಲ್ಲಿ ಹಳೇ ಮದ್ದು ಹಾಗೇ ಕೂತಿರುತ್ತದೆ, ಗೊತ್ತಿದ್ದವರಿಂದ ತೆಗೆಸಿ. ನಳಿಗೆಯ ಮೇಲಿನ ನಂಬರು, ಹಿಡಿಯ ಸ್ಥಿತಿ ಕಾಣುವ ಹಾಗೆ ಫೋಟೊ ತೆಗೆದಿಡಿ. ರಸೀದಿಯಲ್ಲಿ ಅದೇ ನಂಬರು ಇದೆಯಾ ನೋಡಿ, ಆಮೇಲೆ ಎದ್ದು ಬನ್ನಿ. ಮಂಗಳೂರು ಕಡೆ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಇಟ್ಟರೆ ತಿಂಗಳ ಬಾಡಿಗೆ ಕೇಳುತ್ತಾರೆ, ಆದರೆ ಎಣ್ಣೆ ಹಾಕಿ ನೋಡಿಕೊಳ್ಳುತ್ತಾರೆ. ಅಜ್ಜನ ಕೋವಿಯ ಮೇಲೆ ನಿಮಗಿರುವ ಪ್ರೀತಿ ನೋಡಿದರೆ ನನ್ನ ಸಲಹೆ ಅಂಗಡಿಯೇ.

ಈಗ 'ಮನೆಗೆ ಒಂದೇ ಕೋವಿ' ಅನ್ನುವ ಸುದ್ದಿ. ಇದು ಹುಟ್ಟಿದ್ದು 2019ರಲ್ಲಿ. ಅಲ್ಲಿಯವರೆಗೆ ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. ಕೇಂದ್ರ ಸರಕಾರ ತಂದ ಮಸೂದೆಯಲ್ಲಿ ಅದನ್ನು ಒಂದಕ್ಕೆ ಇಳಿಸುವ ಮಾತಿತ್ತು. ಶೂಟಿಂಗ್ ಕ್ರೀಡಾಪಟುಗಳು, ಮನೆತನದ ಕೋವಿ ಇದ್ದವರು ವಿರೋಧಿಸಿದರು. ಕೊನೆಗೆ ಅದು ಎರಡಕ್ಕೆ ನಿಂತಿತು. ಆ ವರ್ಷ ಡಿಸೆಂಬರ್ 14ರಿಂದ ಅದು ಜಾರಿಯಲ್ಲಿದೆ. ಮೂರನೆಯದು ಇದ್ದವರಿಗೆ ಅದನ್ನು ಠೇವಣಿ ಇಡಲು ಒಂದು ವರ್ಷ ಕೊಟ್ಟಿದ್ದರು. ಲೈಸೆನ್ಸಿನ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದ್ದೂ ಅದೇ ತಿದ್ದುಪಡಿ. ಕೋವಿ ಇರುವವರು ಎದ್ದು ಮಾತಾಡಿದ್ದರಿಂದ ಒಂದು ಇದ್ದದ್ದು ಎರಡಾಯಿತು. ಮಾತಾಡಿ ಪಡೆದದ್ದು ಇದು. ಅಟ್ಟದಲ್ಲಿ ಬಚ್ಚಿಟ್ಟವರಿಂದ ಏನೂ ಬದಲಾಗಲಿಲ್ಲ.

ಈ ಎರಡರ ಲೆಕ್ಕ ಮನೆಗಲ್ಲ, ವ್ಯಕ್ತಿಗೆ. ಪಿತ್ರಾರ್ಜಿತವಾಗಿ ಬಂದರೂ ಎರಡು ದಾಟುವ ಹಾಗಿಲ್ಲ ಅಂತ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮದು ಒಂದು, ಅಪ್ಪನದು ಎರಡು, ಒಟ್ಟು ಮೂರು. ಮೂರನ್ನೂ ನಿಮ್ಮ ಹೆಸರಿಗೆ ಕೇಳಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಒಂದನ್ನು ಬೇರೆ ವಾರಸುದಾರರ ಹೆಸರಿಗೆ ಕೇಳಬಹುದು. ನಿಮ್ಮ ತಮ್ಮ, ತಂಗಿ, ಯಾರೂ ಆಗಬಹುದು. ನಿಮ್ಮ ಅಮ್ಮನೂ ವಾರಸುದಾರರೇ. 21 ವರ್ಷ ತುಂಬಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡುವುದಕ್ಕೇ ಒಂದು ನಿಯಮ ಇದೆ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ವೈದ್ಯರ ಪ್ರಮಾಣಪತ್ರ, ಕೋವಿಯನ್ನು ಸುರಕ್ಷಿತವಾಗಿ ಇಡುತ್ತೇನೆ ಅನ್ನುವ ಮುಚ್ಚಳಿಕೆ, ಕೋವಿ ಸುರಕ್ಷತೆಯ ತರಬೇತಿ ಪಡೆದ ಪತ್ರ, ಇವನ್ನೂ ಕೇಳುತ್ತಾರೆ. ಒಪ್ಪಿಗೆ ಪತ್ರದ ಹತ್ತಿರ ಬಂದಾಗ ಅಣ್ಣ ತಮ್ಮಂದಿರ ಹಳೇ ಮುನಿಸು ಎಲ್ಲ ಹೊರಗೆ ಬರುತ್ತದೆ. ಆಸ್ತಿ ಪಾಲು ಆಗದ ಮನೆ ಆದರೆ ಮೊದಲು ಎಲ್ಲರನ್ನೂ ಕೂರಿಸಿ ಮಾತಾಡಿ.

ಇಲ್ಲೇ ಒಂದು ಮಾತು, ಓದುತ್ತಿರುವ ಉಳಿದವರಿಗೂ. ಅದೇ ನಿಯಮದಲ್ಲಿ, ಲೈಸೆನ್ಸ್‌ದಾರರಿಗೆ 70 ವರ್ಷ ಆದ ಮೇಲೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಅವರು ಬದುಕಿರುವಾಗಲೇ ತಾವು ಸೂಚಿಸಿದ ವಾರಸುದಾರರಿಗೆ ವರ್ಗಾಯಿಸಬಹುದು. ಅಪ್ಪನೇ ಸಹಿ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಅಪ್ಪನ ಹತ್ತಿರ ಹೋಗಿ 'ಕೋವಿ ನನ್ನ ಹೆಸರಿಗೆ ಮಾಡಿ' ಅನ್ನಲು ನಮಗೆ ಬಾಯಿ ಬರುವುದಿಲ್ಲ. ನಾನೂ ನನ್ನ ತಂದೆಯ ಹತ್ತಿರ ಕೇಳಲು ಎರಡು ವರ್ಷ ತಡಮಾಡಿದೆ.

ಕೇಪಿನ ಕೋವಿಗೆ ಲೈಸೆನ್ಸ್ ಬೇಡ ಅನ್ನುವುದು ಅರ್ಧ ಸತ್ಯ, ಅದಕ್ಕೇ ಜಾಸ್ತಿ ಅಪಾಯ. ಹಳೇ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಕೋವಿಗೆ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಆದರೆ ಷರತ್ತು ಇದೆ. ರಿಪೇರಿ ಮಾಡಿದರೂ ಅದು ಕೋವಿಯಾಗಿ ಕೆಲಸ ಮಾಡುವ ಹಾಗಿರಬಾರದು. ನಿಮ್ಮ ಅಜ್ಜನ ಕೋವಿಗೆ ಇಂದು ಮದ್ದು ತುಂಬಿ ಕೇಪು ಇಟ್ಟರೆ ಈಡು ಹಾರುತ್ತದೆ ಅಂತಾದರೆ, ಅದು ಎಷ್ಟೇ ಹಳೆಯದಾಗಲಿ, ಕಾನೂನಿನ ಕಣ್ಣಿಗೆ ಬಂದೂಕೇ.

ಅದರ ಕುದುರೆ (ಗುಂಡು ಹಾರಿಸುವ ಕೀಲು) ಸಡಿಲ ಆಗಿದೆ ಅಂತ ಊರಿನ ಆಚಾರಿಯ ಹತ್ತಿರ ಒಯ್ಯಬೇಡಿ. ಬೆಸುಗೆ ಹಾಕುವುದು ಅವರಿಗೆ ಹತ್ತು ನಿಮಿಷದ ಕೆಲಸ ಇರಬಹುದು. ಆದರೆ ಕೋವಿ ರಿಪೇರಿಗೂ, ತಯಾರಿಗೂ ಒಂದೇ ಸೆಕ್ಷನ್, 5ನೆಯದು. ಲೈಸೆನ್ಸ್ ಇಲ್ಲದೆ ಮಾಡಿದರೆ ಈಗ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ನಿಮಗಿಂತ ದೊಡ್ಡ ಶಿಕ್ಷೆ ನಿಮಗೆ ಉಪಕಾರ ಮಾಡಿದ ಆಚಾರಿಗೆ. ಒಳ್ಳೇ ಕೈಕೆಲಸ ಗೊತ್ತಿದ್ದವರಿಗೆ ಕಾನೂನುಬದ್ಧ ಕೆಲಸ ಇಲ್ಲದಿರುವುದು ಈ ವ್ಯವಸ್ಥೆಯ ನಿಜವಾದ ಹುಣ್ಣು ಅಂತ ನನಗೆ ಅನ್ನಿಸುತ್ತದೆ. ಬಿಹಾರದ ಮುಂಗೇರ್‌ನಲ್ಲಿ ಲೈಸೆನ್ಸ್ ಇರುವ ಸಣ್ಣ ಸಣ್ಣ ಘಟಕಗಳು ಒಂದೇ ಆವರಣದಲ್ಲಿ ತೋಟೆ ಕೋವಿ ಮಾಡುತ್ತಿದ್ದವು. ಜಮ್ಮುವಿನಲ್ಲೂ ಅಂಥ ಕೆಲಸ ಇತ್ತು. ಹೊಸ ಲೈಸೆನ್ಸ್ ಸಿಗುವುದು ಕಷ್ಟವಾದಂತೆ ಕೊಳ್ಳುವವರು ಕಡಿಮೆಯಾದರು, ಕಾರಿಗರು ಚದುರಿದರು. ಅದೇ ಮುಂಗೇರ್ ಹೆಸರು ಈಗ ಕಳ್ಳ ಕೋವಿಯ ಸುದ್ದಿಯಲ್ಲೇ ಕೇಳಿಬರುತ್ತದೆ.

ನಿಮಗೆ ಇದರಿಂದ ತಟ್ಟುವ ಇನ್ನೊಂದು ವಿಷಯ ಬೆಲೆ. ಜೋಡಿ ನಳಿಗೆಯನ್ನು ಮಾರೋಣ ಅಂತ ಹೊರಟರೆ ಕೊಳ್ಳುವವನಿಗೂ ಲೈಸೆನ್ಸ್ ಬೇಕು. ಆದ್ದರಿಂದ ನೀವು ಅಂದುಕೊಂಡ ಬೆಲೆ ಬರುವುದಿಲ್ಲ. ಖಾಸಗಿಯಾಗಿ ಮಾರುವುದಾದರೆ ಡಿಸಿಗೆ ಅಥವಾ ಠಾಣೆಗೆ ಮೊದಲೇ ಬರೆದು ತಿಳಿಸಿ, ಕೊಳ್ಳುವವರ ಹೆಸರು ವಿಳಾಸ ಕೊಟ್ಟು, 45 ದಿನ ಕಾಯಬೇಕು. ಮುಂಗಡ ತೆಗೆದುಕೊಂಡು ಅದೇ ದಿನ ಕೋವಿ ಕೊಟ್ಟುಬಿಡಬೇಡಿ.

ಚುನಾವಣೆಯ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎಲ್ಲ ಲೈಸೆನ್ಸ್‌ದಾರರೂ ಕೋವಿ ತಂದು ಇಡಿ ಅಂತ ಒಂದೇ ಮಾತಿನ ಆದೇಶ ಹೊರಡಿಸುವುದು ಸುಲಭ. ಆದರೆ ಚುನಾವಣಾ ಆಯೋಗ 2009ರಲ್ಲೇ ಬೇರೆ ದಾರಿ ಹೇಳಿದೆ. ಬಾಂಬೆ ಹೈಕೋರ್ಟಿನ ಒಂದು ತೀರ್ಪಿನ ಮೇಲೆ ಬಂದ ಸೂಚನೆ ಅದು. ಜಿಲ್ಲೆಯಲ್ಲಿ ಒಂದು ಪರಿಶೀಲನಾ ಸಮಿತಿ ಇರಬೇಕು. ಅದು ಲೈಸೆನ್ಸ್‌ಗಳನ್ನು ಒಂದೊಂದಾಗಿ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಮೊದಲು ಗಲಭೆಯಲ್ಲಿ, ಅದರಲ್ಲೂ ಚುನಾವಣೆಯ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಮೇಲೆ ಮುಖ್ಯವಾಗಿ ಕಣ್ಣಿಡಬೇಕು. ದೀರ್ಘಕಾಲದ ಕಾನೂನು, ಪದ್ಧತಿಯಂತೆ ಆಯುಧ ಧರಿಸುವ ಹಕ್ಕಿರುವ ಸಮುದಾಯಗಳಿಗೆ ಅದರಲ್ಲಿ ರಿಯಾಯಿತಿ ಇದೆ. ಕೃಷಿಕರಿಗೆ ಅಂತ ಪ್ರತ್ಯೇಕ ರಿಯಾಯಿತಿ ಇಲ್ಲ. ಆದ್ದರಿಂದ ನೀವೇ ಕೇಳಬೇಕು. ದಕ್ಷಿಣ ಕನ್ನಡದ ಕೃಷಿಕರು ಇದೇ ವಿಷಯಕ್ಕೆ ಹೈಕೋರ್ಟ್ ಮೆಟ್ಟಿಲು ಹತ್ತಿದ್ದೂ ಇದೆ.

ಕೇಳುವುದು ಹೇಗೆ ಅಂದರೆ, ಚುನಾವಣೆ ಘೋಷಣೆಯಾದ ಕೂಡಲೇ ಸಮಿತಿಗೆ ಅರ್ಜಿ ಕೊಡಿ. 'ನಾನು ಬಡ ರೈತ, ದಯಮಾಡಿ' ಅಂತ ಬರೆದರೆ ಏನೂ ಆಗುವುದಿಲ್ಲ. ಆರ್‌ಟಿಸಿ (ಪಹಣಿ) ಹಚ್ಚಿ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿ, ಬಂದ ಪರಿಹಾರದ ದಾಖಲೆ, ಮುರಿದ ಬಾಳೆಯ ತಾರೀಕಿರುವ ಫೋಟೊ ಹಚ್ಚಿ. ನಿಮ್ಮ ಮೇಲೆ ಯಾವ ಕೇಸೂ ಇಲ್ಲ ಅಂತ ಬರೆಯಿರಿ. ಒಪ್ಪದಿದ್ದರೆ ಹಿಂಬರಹ ಕೇಳಿ ಪಡೆಯಿರಿ. ಬಾಯಿಮಾತಿನ 'ಆಗುವುದಿಲ್ಲ' ಹಿಡಿದು ಕೋರ್ಟಿಗೆ ಹೋಗಲು ಬರುವುದಿಲ್ಲ. ಇದು ಲೋಕಸಭೆ, ವಿಧಾನಸಭೆಯ ಮಾತು. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ಸೂಚನೆ ಬೇರೆ ಬರುತ್ತದೆ, ಅದನ್ನು ಓದಿಯೇ ಅರ್ಜಿ ಬರೆಯಿರಿ. ಠೇವಣಿ ಇಡಿ ಅನ್ನುವ ಆದೇಶ ಕೈಗೆ ಬಂದರೆ ಮೊದಲು ಕೋವಿ ಇಟ್ಟು, ಆಮೇಲೆ ವಾದ ಮಾಡಿ. ಇಡದೆ ವಾದ ಮಾಡಲು ಹೋದರೆ ಅದೇ ನೆಪದಲ್ಲಿ ಲೈಸೆನ್ಸ್ ಅಮಾನತು ಮಾಡಬಹುದು. ಲೈಸೆನ್ಸ್ ನಿರಾಕರಿಸಿದರೆ ಅಥವಾ ರದ್ದು ಮಾಡಿದರೆ ಮೈಸೂರಿನ ಪ್ರಾದೇಶಿಕ ಆಯುಕ್ತರಲ್ಲಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು.

ಹಂದಿ, ಆನೆಯ ಬಗ್ಗೆ ಒಂದು ಎಚ್ಚರಿಕೆ. ಬೆಳೆ ರಕ್ಷಣೆಯ ಲೈಸೆನ್ಸ್ ಇದೆ ಅಂದರೆ ಪ್ರಾಣಿಗೆ ಹೊಡೆಯಬಹುದು ಅಂತಲ್ಲ. ಅದು ಕೋವಿ ಇಟ್ಟುಕೊಳ್ಳುವ ಅನುಮತಿ ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ನಿಂತಿದೆ. ಆನೆ, ಕಾಟಿ (ಕಾಡುಕೋಣ) ಮೊದಲ ಪಟ್ಟಿಯಲ್ಲಿವೆ. ಕಾಡುಹಂದಿಯೂ ಸಂರಕ್ಷಿತ ಪಟ್ಟಿಯಲ್ಲೇ ಇದೆ. ನಿಮ್ಮ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಹೊಡೆದರೆ ಅಪರಾಧ ಅಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬಾಳೆ ಉಳಿಸಲು ಹೊಡೆದರೆ ಅಪರಾಧ. ಮದ್ದಿನ ಸದ್ದು ಮಾಡಿ ಓಡಿಸಿ, ಅಷ್ಟಕ್ಕೇ ನಿಲ್ಲಿಸಿ.

ಕೊನೆಯದು ಕೊಡಗಿನ ನೆಂಟರು. ಅವರಿಗೆ ಇರುವುದು ಅಧಿಕಾರಿಗಳ ಕಣ್ಣುಮುಚ್ಚಾಲೆ ಅಲ್ಲ, ಬರೆದು ಕೊಟ್ಟ ವಿನಾಯಿತಿ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡವರನ್ನು ಆಯುಧ ಕಾನೂನಿನಿಂದ ಹೊರಗಿಟ್ಟರು. ಸ್ವತಂತ್ರ ಭಾರತದಲ್ಲೂ ಅದು ಮುಂದುವರಿಯಿತು. ಕೊಡವರಿಗೂ, ಬೇರೆ ಸಮುದಾಯದ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಒಂದು ರೈಫಲ್ ಮತ್ತು 100 ತೋಟೆ, ಒಂದು ನುಣುಪು ನಳಿಗೆಯ ಕೋವಿ ಮತ್ತು 500 ತೋಟೆ, ಇಷ್ಟಕ್ಕೆ ಲೈಸೆನ್ಸ್ ಬೇಡ. ವಿನಾಯಿತಿ ಪತ್ರ ಮಾತ್ರ ಬೇಕು. 2019ರಲ್ಲಿ ಕೇಂದ್ರ ಸರಕಾರ ಇದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ನಮ್ಮ ಹೈಕೋರ್ಟ್ ಒಪ್ಪಲಿಲ್ಲ. ಕೊಡಗಿನಲ್ಲಿ ಮಗು ಹುಟ್ಟಿದಾಗ, ಸಾವಾದಾಗ, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಆಯುಧಗಳ ಹಬ್ಬ ಕೈಲ್ ಪೊಳ್ದಿನಲ್ಲಿ ತೋಕಿಗೆ (ಕೋವಿಗೆ) ಹೂವಿಟ್ಟು ಪೂಜೆ ಮಾಡುತ್ತಾರೆ. ಅಷ್ಟು ಹಳೇ ಸಂಬಂಧ ಅದು. 1834ರವರೆಗೆ ನಿಮ್ಮ ಸುಳ್ಯ ಸೀಮೆಯೂ ಕೊಡಗಿನ ರಾಜರ ಕೈಯಲ್ಲಿತ್ತು. ಬ್ರಿಟಿಷರು ಬಂದು ಅದನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ನಿಮ್ಮ ಹೊಟ್ಟೆಯುರಿಗೆ ಇತಿಹಾಸದಲ್ಲೂ ಸ್ವಲ್ಪ ಜಾಗ ಇದೆ. ಆದರೆ ಆ ವಿನಾಯಿತಿ ನಿಮಗೆ ಅನ್ವಯಿಸುವುದಿಲ್ಲ. ಅವರ ಕೋವಿಯನ್ನು ನೀವು ನಾಲ್ಕು ದಿನ ತಂದಿಟ್ಟುಕೊಳ್ಳುವಂತೆಯೂ ಇಲ್ಲ. ಅವರ ಪತ್ರ ಅವರಿಗೆ.

ಇನ್ನು ನಿಮ್ಮ ಅಮ್ಮನ ಆಸೆ. ನನ್ನನ್ನು ಕೇಳಿದರೆ, ತೋಟ ಕಾಯಲು ನಿಮ್ಮ ಒಂಟಿ ನಳಿಗೆ ಸಾಕು. ಅಜ್ಜನ ಕೇಪಿನ ಕೋವಿಯನ್ನು ವಾರಸುದಾರನಾಗಿ ನಿಮ್ಮ ಲೈಸೆನ್ಸಿಗೆ ಎರಡನೆಯದಾಗಿ ಸೇರಿಸಲು ಅರ್ಜಿ ಹಾಕಿ. ನಳಿಗೆ ಚಿಕ್ಕದಲ್ಲದ ಸಾದಾ ಕೋವಿಗೆ, ಬೆಳೆ ಕಾಯುವ ಕೇಪಿನ ಕೋವಿಗೆ ಕಾಯ್ದೆಯ 13ನೇ ಸೆಕ್ಷನ್ ಸ್ವಲ್ಪ ಮೃದುವಾಗಿಯೇ ಇದೆ. ಜೋಡಿ ನಳಿಗೆಯನ್ನು ತಮ್ಮನಿಗೋ ತಂಗಿಗೋ ಕೊಡಿ, ಯಾರಿಗೂ ಬೇಡವಾದರೆ ಅಂಗಡಿಯ ಮೂಲಕ ಮಾರಿಸಿ. ಬೆಲೆ ಜಾಸ್ತಿ ಇರುವ ಕೋವಿ ಅದೇ ಇರಬಹುದು. ಆದರೆ ಅಮ್ಮ ಹೂವಿಡುವುದು ಇನ್ನೊಂದಕ್ಕೆ ಅಲ್ವಾ? ಈ ವರ್ಷದ ಆಯುಧ ಪೂಜೆಯ ಒಳಗೆ ಅದು ಮನೆಗೆ ಬರುವುದು ಕಷ್ಟ. ಪೊಲೀಸ್ ವರದಿ, ಡಿಸಿ ಆಫೀಸಿನ ಕಡತ, ಎಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಸಲಕ್ಕೆ ಠೇವಣಿಯ ರಸೀದಿಯನ್ನೇ ದೇವರ ಮುಂದೆ ಇಟ್ಟು ಅಮ್ಮನಿಗೆ ತೋರಿಸಿ. ಅದರಲ್ಲಿ ಅಜ್ಜನ ಕೋವಿಯ ನಂಬರು ಸರಿಯಾಗಿ ಬರೆದಿದೆ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.